ಹೊಕ್ಕುಳಿಗೆ ಹತ್ತಿದ ಇರುವೆ

1964ರಲ್ಲಿ ನಾನು ಯಳಂದೂರು ಕಡೆಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ನೆಲ ಒರೆಸುವುದು, ಬಟ್ಟೆ ಕುದಿಸುವುದು, ಬಾಣಂತಿಯರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಡಾಕ್ಟರ ಎದುರು ನಿಂತರೆ ಮಾತೇ ಹೊರಡುತ್ತಿರಲಿಲ್ಲ.

ಆ ತಿಂಗಳು ಎರಡು ಕೂಸುಗಳ ಹೊಕ್ಕುಳು ಕೀವಾಯಿತು. ನಂಜು ರಕ್ತಕ್ಕೆ ಸೇರಿದರೆ ಸೆಪ್ಸಿಸ್. ಕೂಸು ಉಳಿಯುವುದು ಕಷ್ಟ. ಮೊದಲನೆಯದನ್ನು ಮೈಸೂರಿಗೆ ಕಳಿಸಿದರು. ಎರಡನೆಯದು ಹೊನ್ನೂರಿನ ಶಿವಮ್ಮನ ಐದು ದಿನದ ಹೆಣ್ಣುಮಗು. ಅದು ಹಾಲು ಕುಡಿಯುವುದನ್ನೇ ಬಿಟ್ಟಿತ್ತು. ಡಾಕ್ಟರು ಪೆನಿಸಿಲಿನ್ ಶುರುಮಾಡಿ, ಹೊಕ್ಕುಳಬಳ್ಳಿ ಕತ್ತರಿಸುವ ಕತ್ತರಿ, ಕಟ್ಟುವ ದಾರ ಎಲ್ಲವನ್ನೂ ಮತ್ತೆ ಕುದಿಸಲು ಹೇಳಿದರು. ಕೀವು ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಗುಡಿಸುವಾಗ ಸಣ್ಣ ಕೆಂಪಿರುವೆಗಳ ಸಾಲು ಕಂಡಿತು. ಹುಣ್ಣು ಒರೆಸಿದ ಹತ್ತಿಯನ್ನು ಹಾಕುವ ಬಕೆಟ್ಟು ಪಕ್ಕದ ಡ್ರೆಸ್ಸಿಂಗ್ ಕೋಣೆಯಲ್ಲಿತ್ತು. ಸಾಲು ಅಲ್ಲಿಂದ ಹೊರಟು, ಗೋಡೆಯ ಬಿರುಕಲ್ಲಿ ನುಸುಳಿ, ಶಿವಮ್ಮನ ಮಂಚದ ಕಾಲು ಹತ್ತಿ ದಿಂಬಿನ ಕೆಳಗೆ ಹೋಗುತ್ತಿತ್ತು. ಅಲ್ಲಿ ಬೆಲ್ಲದ ಗಂಟು! ಬಾಣಂತಿ ಶುಂಠಿ ಜೊತೆ ತಿನ್ನಲೆಂದು ತವರಿನವರು ಅಲ್ಲಿಡುತ್ತಿದ್ದರು. ಪಕ್ಕದಲ್ಲೇ ಮಲಗಿದ್ದ ಕೂಸಿನ ಹೊಕ್ಕುಳ ಮೇಲೂ ಒಂದೆರಡು ಇರುವೆ ಹರಿದಾಡುತ್ತಿದ್ದವು. ದಿನಾ ಹಾಸಿಗೆ ಕೊಡವಿ, ಗಂಟನ್ನು ಮತ್ತೆ ಅಲ್ಲೇ ಇಡುತ್ತಿದ್ದವಳು ನಾನೇ.

ಡಾಕ್ಟರ ಬಾಗಿಲಲ್ಲಿ ನಿಂತು, "ಸಾ, ಇರುವೆ..." ಎಂದೆ.

"ಇರುವೆಗೆ ಡಿ.ಡಿ.ಟಿ. ಹಾಕಮ್ಮ, ನನ್ನನ್ಯಾಕೆ ಕೇಳ್ತೀಯ?"

"ಕೀವಿನ ಬಕೆಟ್ಟಿಂದ ಕೂಸಿನ ತಾವ್ಕೆ ಓಯ್ತಾವೆ ಸಾ."

ಅವರು ಕುರ್ಚಿ ಬಿಟ್ಟು ಎದ್ದರು. ನನ್ನ ಹಿಂದೆ ಬಂದು, ಬಗ್ಗಿ ಆ ಸಾಲನ್ನು ಕೊನೆಯವರೆಗೂ ನೋಡಿ, ಬೆಲ್ಲದ ಗಂಟನ್ನು ಹೊರಗೆ ತೆಗೆಸಲು ಹೇಳಿದರು.

ಶಿವಮ್ಮನ ತಾಯಿ ಮಾತ್ರ ಗಂಟು ಬಿಡಲೊಲ್ಲಳು. "ನಮ್ಮ ಆಲೆಮನೆ ಬೆಲ್ಲ ಕಣವ್ವ. ಆರು ಮಕ್ಳ ಸಾಕಿವ್ನಿ, ಇರುವೆ ಕಚ್ಚಿ ಯಾವ್ದು ಸತ್ತದೆ?"

"ನಿಮ್ಮನೆ ಇರುವೆ ಬೆಲ್ಲ ತಿಂದು ಬತ್ತದೆ ಅವ್ವಾ. ಇಲ್ಲೀದು ಕೀವು ತುಳ್ಕಂಡು ಬತ್ತದೆ."

ಆಕೆ ಮೊಮ್ಮಗಳ ಹೊಟ್ಟೆ ನೋಡಿದಳು. ಆಮೇಲೆ ಗಂಟನ್ನು ನನ್ನ ಕೈಗೆ ತುರುಕಿ, "ತಕ, ಆ ಡಾಕ್ಟ್ರಿಗೇ ತಿನ್ಸು. ಸಿಡುಕಾದ್ರೂ ಕಮ್ಮಿಯಾಗ್ಲಿ!" ಎಂದಳು. ಹಿಂದೆಯೇ ನಿಂತಿದ್ದ ಡಾಕ್ಟರು ನಕ್ಕುಬಿಟ್ಟರು.

ಅಂದೇ ಬಕೆಟ್ಟಿಗೆ ಮುಚ್ಚಳ ಬಂತು. ಬಿರುಕಿಗೆ ಗಾರೆ ಮೆತ್ತಿಸಿದರು. ಮಂಚದ ಕಾಲುಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿನ ಡಬ್ಬಿಗಳಲ್ಲಿ ಇಳಿಸಿದೆವು. ನಾಲ್ಕನೆಯ ದಿನ ಹೊಕ್ಕುಳಿನ ಊತ ಇಳಿದು ಕೂಸು ಮೊಲೆ ಹಿಡಿಯಿತು. ಶಿವಮ್ಮ ಅತ್ತಳು, ನಾನೂ ಅತ್ತೆ. ಮೈಸೂರಿಗೆ ಹೋದ ಕೂಸೂ ಗುಣವಾಗಿ ಬಂತು.

ಪೆನಿಸಿಲಿನ್ ಎಷ್ಟು ಮಾಡಿತೋ, ಮುಚ್ಚಳ ಎಷ್ಟು ಮಾಡಿತೋ, ಡಾಕ್ಟರಿಗೂ ಖಚಿತವಿರಲಿಲ್ಲ. ಆದರೆ ಆ ವರ್ಷ ಮತ್ತೊಂದು ಕೂಸಿನ ಹೊಕ್ಕುಳು ಕೀವಾಗಲಿಲ್ಲ. ನೆಲ ಒರೆಸುವವಳಿಗೆ ಕಾಣುವುದು ಕುರ್ಚಿಯಲ್ಲಿ ಕೂತವರಿಗೆ ಕಾಣದೆ ಇರಬಹುದು ಮಕ್ಕಳೇ. ಕಂಡದ್ದನ್ನು ಹೋಗಿ ಹೇಳುವುದೂ ನನ್ನ ಕೆಲಸವೇ ಎಂದು ಅಂದು ಗೊತ್ತಾಯಿತು.