ಕಂಡಕ್ಟರ್ ಕಾಕಾ ಹೇಳದೇ ಉಳಿದ ತಪ್ಪು

ಹೋದ ವಾರ ಜೇನುಪೆಟ್ಟಿಗೆ ತೆರೆಯುವ ಮುಂಚೆ ಹುಳಗಳನ್ನು ಸುಮ್ಮನಾಗಿಸುವ ಹೊಗೆಡಬ್ಬಿಗೆ ಸಗಣಿ ಕುಳ್ಳಿನ ಚೂರು ತುಂಬುತ್ತಿದ್ದೆ. ಕುಳ್ಳು ಸಾಲದಾಗಿ, ಕೈಗೆ ಸಿಕ್ಕ ಹಳೇ ಗೋಣಿಚೀಲದ ತುಂಡೊಂದನ್ನು ಸುರುಳಿ ಸುತ್ತಿ ಒಳಗೆ ತುರುಕಿದೆ. ಎರಡು ಸಲ ತಿದಿ ಒತ್ತಿದ್ದೇ ತಡ, ಅರೆಸುಟ್ಟ ಗೋಣಿಯ ವಾಸನೆ, ಕಂಡಕ್ಟರ್ ಕಾಕಾ ಹಾಕುತ್ತಿದ್ದ ಹೊಗೆಯ ಅದೇ ವಾಸನೆ, ಮೂಗಿಗೆ ಬಡಿಯಿತು. ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡಂತಾಗಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಇರುವುದಾದರೂ ಹೇಗೆ, ಕಾಕಾ ಹೋಗಿ ಎಷ್ಟೋ ವರ್ಷವಾಯಿತು…

ಅವರು ನನಗೆ ರಕ್ತಸಂಬಂಧಿಯಲ್ಲ. ಇಜೇರಿಯಲ್ಲಿ ನಮ್ಮ ಹೊಲದ ಬದುವಿಗೆ ಹೊಂದಿಕೊಂಡೇ ಅವರ ನಾಲ್ಕು ಎಕರೆ ಇತ್ತು, ಅಷ್ಟೇ. ಅಫಜಲಪುರದ ಕಡೆ ಓಡುವ ಬಸ್ಸಿನಲ್ಲಿ ಕಂಡಕ್ಟರಾಗಿ ಅರ್ಧ ಆಯುಷ್ಯ ನಿಂತೇ ಕಳೆದವರು. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಸುಮ್ಮನೆ ಕೂರಲಾಗದೆ ಜೇನು ಸಾಕಿದರು. ಬಸ್ಸಿನ ಬಾಗಿಲಲ್ಲಿ ನಿಂತು ನಿಂತು ಅವರಿಗೆ ದಾರಿಯ ಗಿಡಗಳೆಲ್ಲ ಬಾಯಿಪಾಠವಾಗಿದ್ದವು. ಚೌಡಾಪುರದ ಬೇವು ಯಾವಾಗ ಹೂ ಬಿಡುತ್ತದೆ, ಯಾವ ಊರಿನ ಹುಣಸೆ ತಡ, ಎಲ್ಲಿ ಕುಸುಬೆ ಹೆಚ್ಚು ಬಿತ್ತುತ್ತಾರೆ, ಎಲ್ಲ ಹೇಳುತ್ತಿದ್ದರು. ಜೇನು ಸಾಕುವವರು ಪೆಟ್ಟಿಗೆ ಕೊಳ್ಳುವ ಮುಂಚೆ ಒಂದು ವರ್ಷ ಸುತ್ತಲಿನ ಹೂ ನೋಡಬೇಕು ಎಂಬುದು ಅವರ ಮೊದಲ ಪಾಠ. ನಾನು ನೋಡಲಿಲ್ಲ, ಆ ಮಾತು ಬೇರೆ. ನನಗೆ ಆಗಲೂ ತಾಳ್ಮೆ ಇರಲಿಲ್ಲ, ಈಗಲೂ ಅಷ್ಟಕ್ಕಷ್ಟೇ.

ಒಂದು ಪೆಟ್ಟಿಗೆ ಕೊಡಿರಿ ಎಂದು ಕೇಳಲು ಹೋದರೆ ಅವರು ಒಪ್ಪಲಿಲ್ಲ.

“ಒಂದು ಕೊಡೂದಿಲ್ಲ ಯವ್ವಾ, ಒಯ್ದರ ಎರಡು ಒಯ್ಯಿ. ಒಂದೇ ಇದ್ದರ ಅದು ಚಲೋ ಐತೋ, ಜಡ್ಡು ಬಿದ್ದೈತೋ ಹೆಂಗ ಗೊತ್ತಾಗ್ತದ? ಎರಡಿದ್ದರ ಇದನ್ನ ನೋಡಿ ಅದನ್ನ ಅಳೀಬಹುದು.”

ಹೀಗೆ ಎರಡು ಪೆಟ್ಟಿಗೆ ನಮ್ಮ ಬೇವಿನ ಗಿಡದ ನೆರಳಿಗೆ ಬಂದವು. ಸ್ಟ್ಯಾಂಡಿನ ನಾಲ್ಕು ಕಾಲಿಗೂ ಇರುವೆ ಏರದಂತೆ ನೀರಿನ ಬಟ್ಟಲು ಇಡಿಸಿದರು. ಪಕ್ಕದಲ್ಲಿ ಅಗಲ ಪರಾತದಲ್ಲಿ ನೀರು, ಅದರಲ್ಲಿ ಹುಳ ಕೂರಲು ಉರುಟು ಕಲ್ಲು. ಬಾಗಿಲು ಮೂಡಣಕ್ಕೆ ಮುಖ ಮಾಡಿರಬೇಕು. ನಾನು ಬಾಗಿಲ ಮುಂದೆಯೇ ಹೋಗಿ ನಿಂತು ಬಗ್ಗಿ ನೋಡುತ್ತಿದ್ದೆ, ಹುಬ್ಬಿನ ಮೇಲೆ ಕಚ್ಚಿಸಿಕೊಂಡು ಅರ್ಧ ಮುಖ ಊದಿಸಿಕೊಂಡೆ. ನಮ್ಮ ಅತ್ತೆ ಎರಡು ದಿನ ನನ್ನನ್ನು ನೋಡಿ ನಕ್ಕರು. ಕಾಕಾ ನಗಲಿಲ್ಲ. ಮುಳ್ಳನ್ನು ಚಿವುಟಿ ಎಳೆದರೆ ವಿಷ ಇನ್ನಷ್ಟು ಒಳಗಿಳಿಯುತ್ತದೆ, ಉಗುರಿನಿಂದ ಅಡ್ಡ ಕೆರೆದು ತೆಗೆಯಬೇಕೆಂದು ತೋರಿಸಿ, ಆಮೇಲೆ ಬೈದರು.

“ಬಸ್ಸಿನ ಬಾಗಲದಾಗ ನಿಂತವರಿಗೆ ನಾ ದಿನಾ ಬೈತಿದ್ದೆ. ಇವು ಕಚ್ಚತಾವ, ಅಷ್ಟ ಫರಕ. ಬಾಜೂಕ ನಿಂದ್ರು.”

ಮಾತಿಗೆ ನಿಂತರೆ ನಾನೂ ಬಿಡುವವಳಲ್ಲ, ಆದರೆ ಅವರು ನನಗಿಂತ ಒಂದು ಕೈ ಮೇಲು. ಹುಳ ತುಂಬಿ ಪೆಟ್ಟಿಗೆ ಬಿಗಿಯಾದರೆ, “ಸೀಟು ಸಾಲವಲ್ದು, ಮ್ಯಾಲೊಂದು ಖಾನಾ ಇಡು” ಎನ್ನುತ್ತಿದ್ದರು. ದಿನಾ ಮುಚ್ಚಳ ತೆಗೆದು ನೋಡುವ ನನ್ನ ಚಟಕ್ಕೆ, “ನಿನ್ನ ಮನಿ ಮಾಳಗಿ ಯಾರರ ದಿನಾ ಕಿತ್ತಿ ನೋಡಿದರ ನೀ ಆ ಮನ್ಯಾಗ ಇರ್ತೀಯೇನ?” ಎಂದು ಕೇಳಿದ್ದರು. ತೊಗರಿಗೆ ಔಷಧ ಹೊಡೆಯುವ ನಮ್ಮ ಮನೆಯವರನ್ನು ಕರೆದು, ಹೂವಿನ ಮೇಲೆ ಹುಳ ಇರುವ ಹೊತ್ತಿನಲ್ಲಿ ಹೊಡೆಯಬೇಡಿರಿ, ಹೊಡೆಯಲೇಬೇಕಿದ್ದರೆ ಹಿಂದಿನ ದಿನವೇ ಜೇನಿನವರಿಗೆ ತಿಳಿಸಿ ಸಂಜೆ ಹೊಡೆಯಿರಿ ಎಂದು ಒಪ್ಪಿಸಿದವರೂ ಅವರೇ. ಹೂವಿಲ್ಲದ ದಿನಗಳಲ್ಲಿ ಹುಳಕ್ಕೆ ಆಹಾರ ಕೊಡುವ ಕ್ರಮವನ್ನೂ ಹೇಳಿಕೊಟ್ಟಿದ್ದರು. ಬೆಲ್ಲ ಬೇಡ, ಹುಳದ ಹೊಟ್ಟೆ ಕೆಡುತ್ತದೆ. ಸಕ್ಕರೆ ನೀರು ಮಾತ್ರ, ಅದೂ ಸಂಜೆ, ಅದೂ ಪೆಟ್ಟಿಗೆಯ ಒಳಗೆ. ಸಂಜೆಯೇ ಯಾಕೆ, ಒಳಗೇ ಯಾಕೆ ಎಂದು ನಾನು ಕೇಳಲಿಲ್ಲ. ಎಲ್ಲದಕ್ಕೂ ಕಾರಣ ಹೇಳುತ್ತಿದ್ದ ಮನುಷ್ಯ, ಅದೊಂದಕ್ಕೆ ಹೇಳಲಿಲ್ಲ.

ಆ ವರ್ಷ ದೀಪಾವಳಿ ಕಳೆದ ಮೇಲೆ ಮೂರನೇ ಪೆಟ್ಟಿಗೆ ಬಂತು. ಶಾಲೆಯ ಗೋಡೆಯ ಬಿರುಕಿನಲ್ಲಿ ಜೇನು ಕೂತಿದೆ, ಸುಟ್ಟುಬಿಡುತ್ತೇವೆ ಎಂದು ಯಾರೋ ಅನ್ನುತ್ತಿದ್ದಾಗ ಕಾಕಾ ಹೋಗಿ ಬಿಡಿಸಿಕೊಂಡು ಬಂದದ್ದು. ಅಷ್ಟರಲ್ಲಿ ಅವರ ಕಣ್ಣಿಗೆ ಪೊರೆ ಬಂದಿತ್ತು. ಮೇಣದ ಎರಿಯ ಕೋಣೆಯೊಳಗಿನ ತತ್ತಿ ಅವರಿಗೆ ಕಾಣಿಸುತ್ತಿರಲಿಲ್ಲ. ತತ್ತಿ ಕಾಣದವನಿಗೆ ರಾಣಿ ಇದ್ದಾಳೋ ಸತ್ತಿದ್ದಾಳೋ ತಿಳಿಯುವುದಿಲ್ಲ. ಅದಕ್ಕೇ ಆ ಬಡ ಕುಟುಂಬವನ್ನು ನನಗೆ ಕೊಟ್ಟರು. ಎರಿ ಕಟ್ಟುವ ಎಂಟು ಚೌಕಟ್ಟಿನಲ್ಲಿ ನಾಲ್ಕನ್ನೂ ಮುಚ್ಚುವಷ್ಟು ಹುಳ ಇರಲಿಲ್ಲ.

“ಇದನ್ನ ಬ್ಯಾಸಿಗಿ ದಾಟಿಸಿದರ ನೀ ಜೇನು ಸಾಕಾಕಿ. ಇಲ್ಲಂದ್ರ ಬರೇ ಪೆಟ್ಟಿಗಿ ಸಾಕಾಕಿ,” ಎಂದರು. ನಗುತ್ತಲೇ ಅಂದದ್ದು. ಆದರೆ ಪೆಟ್ಟಿಗೆ ಇಳಿಸುವಾಗ ಅವರ ಕೈ ಅದನ್ನು ಬೇಗ ಬಿಡಲಿಲ್ಲ. ಅವರು ತಾವೇ ಹಿಡಿದ ಕೊನೆಯ ಜೇನು ಅದು ಎಂದು ನನಗೂ ಗೊತ್ತಿತ್ತು. ಏನಾದರಾಗಲಿ ಇದನ್ನು ಉಳಿಸಲೇಬೇಕು ಎಂದು ಹಟ ಹಿಡಿದೆ.

ನಡುವೆ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ನೆಂಟರು ಬೀಗರು ಸಮೇತ ಹೋಗಿ, ಪೂಜೆ ಮಾಡಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲಿ ಬರುವುದು. ಅದಕ್ಕೆ ಚರಗ ಎನ್ನುತ್ತೇವೆ. ಭೂಮಿಗೆ, ಹಕ್ಕಿಗೆ, ಇರುವೆಗೆ, ಹೊಲದಲ್ಲಿರುವ ಸಕಲ ಜೀವಕ್ಕೂ ಅಂದು ಊಟ. ನನ್ನ ತಲೆಗೆ ಹೊಳೆಯಿತು: ಎಲ್ಲ ಜೀವಕ್ಕೂ ಹಬ್ಬ, ನನ್ನ ಹುಳಕ್ಕೆ ಮಾತ್ರ ಯಾಕಿಲ್ಲ?

ಬೆಲ್ಲ ಬೇಡ ಎಂದಿದ್ದರಲ್ಲ, ಅಲ್ಲಿ ಮಾತ್ರ ನನ್ನ ಬುದ್ಧಿವಂತಿಕೆ. ಸಕ್ಕರೆ ಪಾಕ ಕಾಸಿ, ಅದಕ್ಕೆ ಎರಡು ಸೌಟು ಜೇನುತುಪ್ಪ ಬೆರೆಸಿ ತಂಬಿಗೆಯಲ್ಲಿ ತಂದಿದ್ದೆ. ಮನೆಯವರು ಚರಗ ಚೆಲ್ಲುತ್ತ ಹೊಲದ ಆ ಮೂಲೆಗೆ ಹೋದರೆ, ನಾನು ತಂಬಿಗೆ ಹಿಡಿದು ಬೇವಿನ ಗಿಡದ ಕೆಳಗೆ ಹೋದೆ. ಮೂರೂ ಪೆಟ್ಟಿಗೆಗೆ ಕುಂಕುಮ ಹಚ್ಚಿದೆ. ಬಾಗಿಲ ಮುಂದೆ, ಮುಚ್ಚಳದ ಮೇಲೆ, ಸುತ್ತಲಿನ ನೆಲಕ್ಕೆ ಪಾಕ ಚೆಲ್ಲಿದೆ. ಬಡ ಪೆಟ್ಟಿಗೆಗೆ ಪ್ರೀತಿ ಜಾಸ್ತಿ, ಅದಕ್ಕೆ ಎರಡು ಪಾಲು. ಕೈ ಮುಗಿದು ಬಂದು ಊಟಕ್ಕೆ ಕೂತೆ.

ಎರಡನೇ ಹೋಳಿಗೆ ಮುರಿಯುವಷ್ಟರಲ್ಲಿ ಸದ್ದು ಶುರುವಾಯಿತು. ದಿನಾ ಕೇಳುವ ಗುಂಯ್ ಅಲ್ಲ, ಚಿರ್ರೆನ್ನುವ ಸದ್ದು. ಓಡಿ ಹೋಗಿ ನೋಡಿದರೆ ಬಡ ಪೆಟ್ಟಿಗೆಯ ಬಾಗಿಲಲ್ಲಿ ಹುಳಗಳು ಒಂದನ್ನೊಂದು ತಬ್ಬಿ ಉರುಳಾಡುತ್ತಿದ್ದವು. ನೆಲದ ಮೇಲೆ ಸತ್ತ ಹುಳ, ಮೇಣದ ಪುಡಿ. ಬಲವಾದ ಎರಡು ಪೆಟ್ಟಿಗೆಯ ಹುಳಗಳು ಆ ಬಡಪಾಯಿಯ ಮನೆಗೆ ನುಗ್ಗಿ ತುಪ್ಪ ಹೊತ್ತೊಯ್ಯುತ್ತಿದ್ದವು. ತೊಗರಿ ಹೂ ಮುಗಿದು ಕುಸುಬೆ ಹೂ ಇನ್ನೂ ಬಾರದ ದಿನಗಳವು. ಹೊಲದಲ್ಲಿ ಸಿಹಿ ಇಲ್ಲದಾಗ ಬಯಲಲ್ಲಿ ಪಾಕ ಚೆಲ್ಲಿದರೆ ಹುಳಗಳು ಲೂಟಿಗೆ ಬೀಳುತ್ತವೆ, ಮೊದಲು ಸಾಯುವುದು ಬಡ ಪೆಟ್ಟಿಗೆ. ಇದು ಈಗ ನನಗೆ ಗೊತ್ತು. ಅಂದು ಮುರಿದ ಹೋಳಿಗೆ ಕೈಯಲ್ಲೇ ಹಿಡಿದು ನಿಂತುಬಿಟ್ಟೆ.

ಬದುವಿನ ಆಚೆ ಉಣ್ಣುತ್ತಿದ್ದ ಕಾಕಾ ಸದ್ದು ಕೇಳಿಯೇ ಎದ್ದು ಬಂದರು. ಕಣ್ಣಿಗಿಂತ ಅವರ ಕಿವಿ ಚುರುಕು.

“ಇಲ್ಲೇನ ಚೆಲ್ಲೀದೆವ್ವಾ?”

ಬೀಗರು, ಅತ್ತೆ, ಮನೆಯವರು ಎಲ್ಲ ಸುತ್ತ ನಿಂತಿದ್ದರು. ಎಲ್ಲರ ಮುಂದೆ ಹೇಳಲು ನಾಚಿಕೆಯಾಯಿತು. “ಏನಿಲ್ರಿ ಕಾಕಾ, ಬರೇ ನೀರು,” ಎಂದೆ.

ಅವರು ಬಗ್ಗಿ ಒಂದು ಚಿಟಿಕೆ ಮಣ್ಣು ಬೆರಳಿಗೆ ಹಚ್ಚಿ ನಾಲಗೆಗೆ ಮುಟ್ಟಿಸಿದರು. ನನ್ನ ಮುಖ ನೋಡಲಿಲ್ಲ. “ಕೊಡ ತರ್ರಿ,” ಎಂದಷ್ಟೇ ಅಂದರು. ಮುಚ್ಚಳ ಒರೆಸಿ, ನೆಲಕ್ಕೆಲ್ಲ ಕೊಡಗಟ್ಟಲೆ ನೀರು ಸುರಿಸಿ, ಹೊಸ ಮಣ್ಣು ಎಳೆಸಿದರು. ಬಡ ಪೆಟ್ಟಿಗೆಯ ಬಾಗಿಲಿಗೆ ಹಸಿ ಹುಲ್ಲು ತುರುಕಿ ಒಂದೇ ಹುಳ ತೂರುವಷ್ಟು ಸಂದು ಬಿಟ್ಟರು. “ಒಂದ ಬಾಗಲಾ, ಒಬ್ಬೊಬ್ಬರ ಬರ್ರಿ,” ಎಂದು ಹುಳಗಳಿಗೆ ಹೇಳಿದಂತೆ ತಮ್ಮಷ್ಟಕ್ಕೇ ಗೊಣಗಿದರು. ಬಾಗಿಲು ಸಣ್ಣದಾದರೆ ಒಳಗಿನವು ನಾಲ್ಕೇ ಇದ್ದರೂ ಕಾಯಬಹುದು. ಮೇಲೆ ಒದ್ದೆ ಗೋಣಿ ಹೊದಿಸಿ, ಹೊತ್ತು ಇಳಿಯುವವರೆಗೆ ನೀರು ಚಿಮುಕಿಸುತ್ತ ಅಲ್ಲೇ ಕೂತರು. ಅವರ ತಾಟಿನಲ್ಲಿ ಊಟ ಹಾಗೇ ಆರಿಹೋಯಿತು. ಸಂಜೆಗೆ ಸದ್ದು ಅಡಗಿತು. ಉಳಿದದ್ದು ಒಂದು ಬೊಗಸೆ ಹುಳ.

“ಆರು ದಿನ ಮುಟ್ಟಬ್ಯಾಡ. ರಾಣಿ ಇದ್ದರ ಹೊಸಾ ತತ್ತಿ ಇರ್ತಾವ. ತತ್ತಿ ಮೂರು ದಿನಕ್ಕ ಒಡೀತದ, ಏಳನೇ ದಿನ ಕಂಡದ್ದು ಲೂಟಿ ಆದ ಮ್ಯಾಲಿಂದು ಅಂತ ಲೆಕ್ಕ.”

ಆ ಆರು ದಿನ ನಾನು ಹೇಗೆ ಕಳೆದೆನೋ… ರೊಟ್ಟಿ ಬಡಿಯುವಾಗ ಅದೇ ಯೋಚನೆ. ಮೊದಲ ಸಲ ಮುಚ್ಚಳ ಮುಟ್ಟದೆ ಇದ್ದೆ. ಏಳನೇ ದಿನ ಬೆಳಿಗ್ಗೆ ಬಿಸಿಲು ಕಾದ ಮೇಲೆ ಕಾಕಾ ಬಂದರು. ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿ, ಬಿಸಿಲು ಭುಜದ ಮೇಲಿಂದ ಎರಿಯ ತಳಕ್ಕೆ ಬೀಳುವಂತೆ ಚೌಕಟ್ಟು ಓರೆ ಹಿಡಿಸಿದರು. ಮೊದಲನೆಯದರಲ್ಲಿ ಏನೂ ಇರಲಿಲ್ಲ. ಎರಡನೆಯದು ಖಾಲಿ. ಮೂರನೆಯದರ ನಡುವೆ, ಅಂಗೈಯಷ್ಟು ಜಾಗದಲ್ಲಿ, ಕೋಣೆಗೊಂದರಂತೆ ರವೆಯ ಕಾಳಿಗಿಂತ ಸಣ್ಣಗೆ ಬಿಳಿಯದೇನೋ ನೆಟ್ಟಗೆ ನಿಂತಿತ್ತು.

“ಕಾಣಾಕತ್ತಾವೇನ?” ಎಂದರು ಕಾಕಾ.

“ಕಾಣಾಕತ್ತಾವ್ರಿ ಕಾಕಾ. ನಿಂತಾವ್ರಿ.”

ಅವರು ತಲೆಯ ಟೋಪಿ ತೆಗೆದು ಮುಖ ಒರೆಸಿಕೊಂಡರು. ನಾನು ಅತ್ತುಬಿಟ್ಟೆ. ಆಗಲೇ ನಿಜ ಹೇಳಿಬಿಡಬಹುದಿತ್ತು. ಬಾಯಿ ತನಕ ಬಂದಿತ್ತು ಕೂಡ. ಅವರು ಬೇರೆ ಕಡೆ ನೋಡುತ್ತ ಮುಚ್ಚಳ ಕೇಳಿದರು, ನಾನು ಕೊಟ್ಟೆ.

ಕುಸುಬೆ ಹೂ ಬಿಟ್ಟ ಮೇಲೆ ಆ ಪೆಟ್ಟಿಗೆ ಚೇತರಿಸಿಕೊಂಡಿತು. ಬೇವಿನ ಹೂವಿಗೆ ಎಂಟೂ ಚೌಕಟ್ಟು ತುಂಬಿತು. ಬೇಸಿಗೆ ದಾಟಿತು. ನನ್ನನ್ನು ಜೇನು ಸಾಕಾಕಿ ಎಂದು ಕಾಕಾ ಊರೆಲ್ಲ ಹೇಳಿಕೊಂಡು ಬಂದರು.

ಮೂರು ವರ್ಷದ ಮೇಲೆ ಅವರು ತೀರಿಕೊಂಡರು. ಸಾವಿನ ಮನೆಗೆ ಮಾತಾಡಿಸಿಕೊಂಡು ಬರಲು ಹೋದ ದಿನ ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, ನನ್ನ ಕೈ ಹಿಡಿದು ಕೂರಿಸಿಕೊಂಡರು.

“ನಿನ್ನ ಹೊಲದಾಗ ಲೂಟಿ ಆಗಿತ್ತಲ್ಲ, ಆ ದಿನ ಮನಿಗಿ ಬಂದು ಉಣ್ಣಲಿಲ್ಲ ನೋಡು. ‘ನಾ ಹೇಳಿದ್ದರ ಆಕಿ ಹಂಗ ಮಾಡ್ತಿದ್ದಿಲ್ಲ’ ಅಂತ ಒಂದ ಸವನ ಅನ್ನಾಕತ್ತಿದ್ರು.”

“ಏನು ಹೇಳಬೇಕಿತ್ರಿ ಕಾಕು?”

“ಚರಗದ್ದು. ಅವರೂ ಮೊದಲ ವರ್ಷ ಪೆಟ್ಟಿಗಿ ಮುಂದ ಪಾಕದ ಚರಗ ಚೆಲ್ಲಿದ್ರು. ಐದು ಪೆಟ್ಟಿಗಿ ಇದ್ದವು ತಂಗಿ, ಒಂದೂ ಉಳೀಲಿಲ್ಲ. ಊರಾಗ ಹೂ ಇಲ್ಲದ್ದಕ್ಕ ಹಾರಿ ಹೋದವು ಅಂತ ಹೇಳಿದ್ರು. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ನನ್ನ ಕಡೆ ಆಣಿ ಮಾಡಿಸಿದ್ರು…”

ಮನೆಗೆ ಹೇಗೆ ಬಂದೆನೋ ತಿಳಿಯದು. ಎಲ್ಲ ಕಲಿಸಿದ ಮನುಷ್ಯ ತಾವು ನಾಚಿಕೊಂಡ ಒಂದು ತಪ್ಪನ್ನು ಮುಚ್ಚಿಟ್ಟರು, ಅದೇ ತಪ್ಪು ನಾನು ಮಾಡಿದೆ, ನಾನೂ ಮುಚ್ಚಿಟ್ಟೆ. ಮಣ್ಣು ನಾಲಗೆಗೆ ಮುಟ್ಟಿಸಿದಾಗಲೇ ಅವರಿಗೆ ಎಲ್ಲ ತಿಳಿದಿತ್ತು. ಬದುವಿನ ಆಚೆ ಅವರು, ಈಚೆ ನಾನು, ಮೂರು ವರ್ಷ ದಿನಾ ಮಾತಾಡಿದೆವು. ಇದೊಂದು ಬಿಟ್ಟು.

ಈಗ ಜೇವರ್ಗಿಯಿಂದ, ಆಳಂದದಿಂದ ಜೇನು ಕಲಿಯಲು ನನ್ನ ಹತ್ತಿರ ಜನ ಬರುತ್ತಾರೆ. ಹೆಚ್ಚಿನವರು ಹೆಣ್ಣುಮಕ್ಕಳು. ಹೊಗೆ, ಚೌಕಟ್ಟು, ಇರುವೆ ಎಲ್ಲ ಆಮೇಲೆ. ಮೊದಲ ದಿನ ಕೂರಿಸಿ ಚರಗದ ಈ ಕಥೆಯನ್ನೇ ಹೇಳುತ್ತೇನೆ, ನನ್ನ ಸುಳ್ಳನ್ನೂ ಸೇರಿಸಿ. ನಗುವವರು ನಗುತ್ತಾರೆ. ಕಾಕಾ ಮಾಡಿಸಿದ ಆಣೆ ಮುರಿದಂತಾಯಿತಲ್ಲ ಎಂದು ಕಾಕು ಬೇಜಾರು ಮಾಡಿಕೊಳ್ಳಬಹುದು ಅಂದುಕೊಂಡಿದ್ದೆ. ಹೇಳು, ಹೇಳು ಎಂದರು ಅವರು.

ಮೊನ್ನೆ ಎಳ್ಳ ಅಮಾವಾಸ್ಯೆ. ಮಧ್ಯಾಹ್ನ ಕಡಗಂಚಿಯ ಒಬ್ಬ ಹುಡುಗಿಯ ಫೋನ್ ಬಂತು. ಈ ವರ್ಷವೇ ಎರಡು ಪೆಟ್ಟಿಗೆ ಇಟ್ಟವಳು.

“ಅಕ್ಕಾರ, ಚರಗ ಮುಗೀತ್ರಿ. ನಮ್ಮ ಮಾವನೋರು ಪಾಕದ ತಂಬಗಿ ಹಿಡಕೊಂಡು ಪೆಟ್ಟಿಗಿ ಕಡೆ ಹೊಂಟಿದ್ರು. ಅಡ್ಡ ನಿಂತು ನಿಮ್ಮ ಕಾಕಾಂದು ಹೇಳಿದೆ.”

“ಏನಂದ್ರು?”

“ತಂಬಗಿ ನನ್ನ ಕೈಗೆ ಕೊಟ್ರು. ಆಮ್ಯಾಲ ದೂರಿಂದಲೇ ಕೈ ಮುಗದ್ರು. ಹುಳಾ ತಮ್ಮ ಪಾಡಿಗೆ ತಾವು ಅದಾವ್ರಿ.”

ಫೋನಿಟ್ಟು ಎದ್ದೆ. ಮನೆಯವರೆಲ್ಲ ಗಿಡದ ಕೆಳಗೆ ಉಣ್ಣುತ್ತಿದ್ದರು. ಬದುವಿನ ತನಕ ನಡೆದು ಹೋದೆ. ಕಾಕಾನ ಹೊಲವನ್ನು ಈಗ ಬೇರೆ ಯಾರೋ ಗುತ್ತಿಗೆಗೆ ಮಾಡುತ್ತಾರೆ, ಅವರ ಚರಗ ಅವರ ಸ್ವಂತ ಹೊಲದಲ್ಲಿ, ಹಾಗಾಗಿ ಅಂದು ಅಲ್ಲಿ ಒಬ್ಬರೂ ಇರಲಿಲ್ಲ. ಕೇಳುವವರು ಯಾರೂ ಇಲ್ಲ ಎಂದು ಗೊತ್ತಿದ್ದೇ, ಬಾಯಿ ಬಿಟ್ಟು ಹೇಳಿದೆ.

“ನೀರಲ್ರಿ ಕಾಕಾ. ಪಾಕ. ನಾನೇ ಚೆಲ್ಲಿದ್ದೆ.”