ಲಿಮ್ನಾಲಜಿ ಎಂದರೆ ಲಿಂಬಿಕಾಯಿ ಅಲ್ಲ

ಇವತ್ತು ಬೆಳಗಾವಿಯ ಕೋಟೆ ಕೆರೆಯ ಪಾಚಿ ವಾಸನೆಗೆ ಖಾನಾಪುರದ ಅಜ್ಜಿ ಕೇಳಿದ ಪ್ರಶ್ನೆಯೊಂದು ನೆನಪಾಯಿತು. ಆಗ ನಾನು ಚಿಕ್ಕವಳು. ಅಮ್ಮನ ತಂಗಿ, ನಮ್ಮ ಮಾವಶಿ, ಕಾಲೇಜು ಮುಗಿಸಿ ಬಂದು ಮುಂದೆ ಲಿಮ್ನಾಲಜಿ ಓದುತ್ತೇನೆ ಎಂದಳು.

“ಲಿಂಬಿಕಾಯಿ ಬಗ್ಗೆ ಓದ್ತಿಯೇನ?” ಎಂದೆ.

ಅವಳು ನಕ್ಕಳು. “ಅಲ್ಲ ಹುಚ್ಚಿ! ಗ್ರೀಕ್ ಭಾಷಾದಾಗ ಲಿಮ್ನೆ ಅಂದ್ರ ಕೆರಿ. ಇದು ಕೆರಿ, ಸರೋವರದ ಶಾಸ್ತ್ರ.”

ರೊಟ್ಟಿ ಬಡಿಯುತ್ತಿದ್ದ ಅಜ್ಜಿಯ ಕೈ ನಿಂತಿತು. ಅವಳ ತಮ್ಮ ಕೆರೆಯಲ್ಲಿ ಮುಳುಗಿ ಸತ್ತಿದ್ದ. ಅಂದಿನಿಂದ ಯಾರನ್ನೂ ಕೆರೆ ಕಡೆ ಬಿಡುತ್ತಿರಲಿಲ್ಲ.

“ತಳದಾಗ ಹೆಂಗಿರ್ತದ ಅಂತ ಗೊತ್ತಾಗ್ತದೇನ?” ಎಂದಳು ಅಜ್ಜಿ.

“ಗೊತ್ತಾಗ್ತದವ್ವಾ. ಮ್ಯಾಲ ಬೆಚ್ಚಗಿದ್ರೂ ತಳದಾಗ ನೀರು ಥಂಡಿ ಇರ್ತದ.”

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಹೋಗು, ಓದು. ತಿಳಿದದ್ದೆಲ್ಲಾ ನನಗೂ ಬಂದು ಹೇಳು.”

ಮಾವಶಿ ಪ್ರತಿ ರಜೆಗೂ ಬಂದು ಹೇಳುತ್ತಿದ್ದಳು. ಈಗ ಅಜ್ಜಿ ಇಲ್ಲ. ಅವಳ ಬದಲು ಮಾವಶಿಗೆ ಫೋನ್ ಮಾಡಿ ನಾನು ಕೇಳುತ್ತೇನೆ.