ಜೋಡಿ ಪೂಜೆಗೆ ಬಂದ ಸರ್ವರ್

ಇವತ್ತಿಗೂ ಖಂಡೇನವಮಿಯ ಆಯುಧಪೂಜೆ ಬಂತೆಂದರೆ ನನಗೆ ಮೈ ಉರಿಯುತ್ತದೆ. ಹಬ್ಬದ ಮೇಲೆ ಸಿಟ್ಟಿಲ್ಲ, ನಮ್ಮ ಬುದ್ಧಿಯ ಮೇಲೆ.

ನಾನು ಬೈಲಹೊಂಗಲದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಇದ್ದದ್ದು ಒಂದೇ ಸರ್ವರ್. ಅದರ ಹೊಟ್ಟೆಯಲ್ಲಿ ನಾಲ್ಕು ವರ್ಚುವಲ್ ಮಷೀನ್. ಅಂದರೆ ಕಬ್ಬಿಣದ ಪೆಟ್ಟಿಗೆ ಒಂದು, ಒಳಗೆ ಬೇರೆ ಬೇರೆ ಕೆಲಸದ ನಾಲ್ಕು ಕಂಪ್ಯೂಟರು. ಅದರಲ್ಲಿ ಒಂದು ಬರೀ ಸ್ಕ್ಯಾನಿಂಗ್ ಚಿತ್ರಗಳಿಗೆ. ಇಲ್ಲಿ ಬೆಂಕಿಯೋ ನೀರೋ ಬಿದ್ದರೆ ಗತಿಯೇನು ಎಂದು ಸವದತ್ತಿಯ ನಮ್ಮ ಶಾಖೆಯಲ್ಲಿ ಇನ್ನೊಂದು ಸರ್ವರ್ ಇಡಿಸಿದ್ದೆ. ನಾಲ್ಕರ ತದ್ರೂಪೂ ಅಲ್ಲಿ ತಯಾರಿರುತ್ತಿತ್ತು. ಇಲ್ಲಿ ಏನೇ ಬದಲಾದರೂ ಕಾಲು ಗಂಟೆಯಲ್ಲಿ ಅಲ್ಲಿಗೆ ಹೋಗುತ್ತಿತ್ತು. ಇದನ್ನು ಒಪ್ಪಿಸಲು ಎರಡು ವರ್ಷ ಗಂಟಲು ಹರಿದುಕೊಂಡಿದ್ದೆ.

ಆ ವರ್ಷ ನೇಸರಗಿಯ ಒಬ್ಬ ಶಿಕ್ಷಕಿ ಎದೆಯ ಗಂಟಿಗೆ ಸ್ಕ್ಯಾನ್ ಮಾಡಿಸಿಕೊಂಡರು. "ಆರ ತಿಂಗಳ ಬಿಟ್ಟ ಮತ್ತ ನೋಡೂಣ್ರಿ. ಬೆಳದಿದ್ರ ಕೊಯ್ಯೂದು, ಇಲ್ಲಾಂದ್ರ ಮುಟ್ಟೂದ ಬ್ಯಾಡ" ಎಂದರು ಡಾಕ್ಟರು. ಕಾಗದದಲ್ಲಿ ಬರೆದ ಒಂದು ಸಾಲು ಸಾಲದು, ಗಂಟಿನ ಅಂಚು ನೋಡಲು ಹಳೆಯ ಚಿತ್ರವೇ ಬೇಕು. ಶಿಕ್ಷಕಿ ನನ್ನ ಕೋಣೆಗೆ ಬಂದು ಸಿಡಿ ಕೇಳಿದರು. ಇದೇ ಬಾಯಿಂದ ನಾನು ಹೇಳಿದೆ: "ಸಿಡಿ ಯಾಕ್ರಿ ಟೀಚರ? ಎರಡ ಊರಾಗ ಇಟ್ಟೇವ್ರಿ. ಆರಾಮ ಹೋಗ್ರಿ."

ಅಷ್ಟರಲ್ಲಿ ಹಬ್ಬ ಬಂತು. ಟ್ರಸ್ಟಿನ ಅಧ್ಯಕ್ಷರಿಗೆ ಒಂದು ಚಿಂತೆ. "ಸವದತ್ತಿ ಮಷೀನಿಗೆ ಯಾರ ಪೂಜಿ ಮಾಡ್ತಾರ? ಜೋಡಿ ಅಗಲಿಸಿ ಪೂಜಿ ಮಾಡಬಾರದ್ರಿ. ತರಸ್ರಿ ಇಲ್ಲೆ." ಶಾಖೆಯವರು ಅದನ್ನು ಕೌದಿಯಲ್ಲಿ ಸುತ್ತಿ, ಬಾಣಂತಿಯನ್ನು ಕರೆತಂದ ಹಾಗೆ ಜೀಪಿನಲ್ಲಿ ಮೆಲ್ಲಗೆ ತಂದರು. ಚೆಂಡು ಹೂವೇನು, ಕಬ್ಬಿನ ಜಲ್ಲೆಯೇನು! ಎರಡಕ್ಕೂ ವಿಭೂತಿ ಹಚ್ಚಿದವಳು ನಾನೇ. ಫೋಟೊದಲ್ಲಿ ಹಲ್ಲು ಕಿಸಿದು ನಿಂತಿದ್ದೇನೆ.

ಪೂಜೆ ಮುಗಿದ ಮೇಲೆ ವಾಪಸ್ ಕಳಿಸೋಣ ಎಂದೆ. "ಇರ್ಲಿ ಬಿಡ್ರಿ, ಇಲ್ಲೆ ಎಸಿ ಐತಿ. ಅಲ್ಲೆ ಕರೆಂಟ್ ಹೋಗತೈತಿ" ಎಂದರು ಅಧ್ಯಕ್ಷರು. ಒಂದೇ ಕಪಾಟಿನಲ್ಲಿ ಮೇಲೊಂದು ಕೆಳಗೊಂದು ಕೂಡಿಸಿದೆವು. ನಕಲು ಈಗ ಗಳಿಗೆಯಲ್ಲಿ ಮುಗಿಯುತ್ತಿತ್ತು, ಪರದೆಯ ಮೇಲೆ ಎಲ್ಲ ಹಸಿರು. ಬಂದವರಿಗೆಲ್ಲ ಅಧ್ಯಕ್ಷರು ಅದನ್ನು ತೋರಿಸಿ ಮೀಸೆ ತಿರುವಿದರು. ಸವದತ್ತಿಗೆ ಕಳಿಸೋಣ ಎಂದು ಎರಡು ಸಲ ಹೇಳಿದೆ, ಮೂರನೆಯ ಸಲ ಬಾಯಿ ಮುಚ್ಚಿಕೊಂಡೆ. ಬೈಯಬೇಕಾದ್ದು ನನ್ನನ್ನೇ.

ಕೆಲವು ತಿಂಗಳ ನಂತರ ಒಂದು ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಕೋಣೆ ತುಂಬ ನೀರು. ಮಾಳಿಗೆಯ ನೀರಿನ ಟಾಕಿಯ ಪೈಪು ಒಡೆದು, ಛಾವಣಿಯಿಂದ ಇಡೀ ಭಾನುವಾರ ಕಪಾಟಿನ ಮೇಲೇ ಸುರಿದಿತ್ತು. ಅಧ್ಯಕ್ಷರು ಬಂದವರೇ, "ಒಂದ ಹ್ವಾದ್ರ ಹೋತು, ಇನ್ನೊಂದ ಐತೆಲ್ಲ? ಚಾಲೂ ಮಾಡ್ರಿ" ಎಂದರು.

"ಎರಡೂ ಇಲ್ಲೇ ಅದಾವಲ್ರಿ ಸಾಹೇಬ್ರ! ನೀವ ತರಿಸಿದ್ರಿ, ನಾ ಪೂಜಿ ಮಾಡಿದ್ನಿ!" ಅವರ ಮುಂದೆ ಧ್ವನಿ ಏರಿಸಿದ್ದು ಅದೇ ಮೊದಲು. ಮಾಹಿತಿ ತೆಗೆಸಲು ಹುಬ್ಬಳ್ಳಿಗೆ ಒಯ್ದ ಡಿಸ್ಕುಗಳು ಏನೂ ಸಿಗದೆ ತಿರುಗಿ ಬಂದವು. ಮೂರನೆಯ ಪ್ರತಿ ಎಲ್ಲಿಯೂ ಇರಲಿಲ್ಲ.

ಆ ವಾರವೇ ಶಿಕ್ಷಕಿಯ ಆರು ತಿಂಗಳು ತುಂಬಿತ್ತು. ಹೊಸ ಸ್ಕ್ಯಾನಿನಲ್ಲಿ ಗಂಟು ಕಂಡಿತು. ಬೆಳೆದಿದೆಯೋ ಇಲ್ಲವೋ, ಯಾರು ಹೇಳಬೇಕು? "ಹಳೇದ ಇಲ್ಲದ ನಾ ಹೆಂಗ ಹೇಳ್ಲಿ? ಧೈರ್ಯ ಸಾಲವಲ್ದು. ತಗದ ಬಿಡೂಣ" ಎಂದರು ಡಾಕ್ಟರು. ತೆಗೆದರು. ಪರೀಕ್ಷೆಗೆ ಕಳಿಸಿದರೆ ಏನೂ ಅಲ್ಲದ ಗಂಟು, ಜೀವನಪೂರ್ತಿ ಸುಮ್ಮನಿರುವಂಥದ್ದು. ವಿನಾಕಾರಣ ಕೊಯ್ಯಿಸಿಕೊಂಡರು ಪಾಪ.

ಹೊಲಿಗೆ ಬಿಚ್ಚಿಸಲು ಬಂದ ದಿನ ಅವರು ನನ್ನ ಬಾಗಿಲಲ್ಲಿ ನಿಂತರು. ಒಂದು ಕೈ ಸೆರಗಿನೊಳಗೆ ಗಾಯದ ಮೇಲಿತ್ತು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು.

"ಎರಡ ಊರಾಗ ಐತಿ ಅಂದಿದ್ರೆಲ್ರಿ, ಅಕ್ಕಾರ. ಆ ಎರಡನೇ ಊರು ಯಾವುದ್ರಿ?"

"ಸವದತ್ತಿ ಇತ್ರಿ," ಎಂದೆ. "ಹಬ್ಬಕ್ಕಂತ ಇಲ್ಲೆ ಕರಕೊಂಡ ಬಂದಿದ್ವಿ."